ನ್ಯೂ ಆರ್ಲಿಯನ್ಸ್‌ನ ದೊಡ್ಡ ಹೋಟೆಲಲ್ಲಿ ಬ್ರಂಚ್: ಏನು ಹೇಳಬೇಕು, ಏನು ಬಿಡಬೇಕು

ಮೊದಲ ಸಲ ಹೋದಾಗ ನಾವು ನಾಲ್ಕು ಜನ ಇದ್ದೆವು. ಹ್ಯೂಸ್ಟನ್ನಿಂದ ಕತ್ತಲಿರುವಾಗಲೇ ಕಾರು ಹತ್ತಿ, ದಾರಿಯಲ್ಲಿ ಒಂದು ಬಿಸ್ಕತ್ತೂ ತಿನ್ನದೆ, ದೊಡ್ಡ ಹೋಟೆಲಲ್ಲಿ ಬ್ರಂಚ್, ಅಂದರೆ ತಿಂಡಿಗೂ ಊಟಕ್ಕೂ ನಡುವಿನದು, ಅಂತ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿದ್ದೆವು. ಮೆನು ಬಂತು. ಅರ್ಧ ಹೆಸರು ಫ್ರೆಂಚು, ಇನ್ನರ್ಧ ಯಾರದ್ದೋ ಮನೆತನದ್ದು. ತಲೆಬುಡ ಗೊತ್ತಾಗದೆ ನಾಲ್ಕೂ ಜನ ಗೊತ್ತಿದ್ದ ಒಂದೇ ಪದಕ್ಕೆ ಜೋತುಬಿದ್ದೆವು: ಎಗ್ಸ್. ನಾಲ್ಕು ತಟ್ಟೆ ಬಂತು, ಹೆಸರು ನಾಲ್ಕು ಬೇರೆ, ಮೇಲೆ ಸುರಿದಿದ್ದ ಹಳದಿ ಸಾಸ್ ಮಾತ್ರ ಒಂದೇ. ಅರ್ಧ ತಟ್ಟೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಮುಖ ಹೊಡೆದಿತ್ತು. ಆ ಊರಿನ ಹೆಸರುವಾಸಿ ಸಿಹಿಯ ಹೊತ್ತಿಗೆ ನಾವು ನೀರು ಕುಡಿಯುತ್ತಾ ಕೂತಿದ್ದೆವು.

ಪಕ್ಕದ ಟೇಬಲ್ಲಿನಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ. ಆ ಊರಿನವರೇ ಅಂತ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಸೂಪು ಇಬ್ಬರಿಗೆ. ಒಂದು ಮೊಟ್ಟೆಯ ತಟ್ಟೆ, ಒಂದು ಮೀನು, ಮಧ್ಯದಲ್ಲಿ ಇಟ್ಟು ಇಬ್ಬರೂ ತಿಂದರು. ಆಮೇಲೆ ಸಿಹಿ, ಆಮೇಲೆ ಕಾಫಿ, ಎರಡೂವರೆ ಗಂಟೆ ಹರಟೆ. ಬೆಂಗಳೂರಿನ ಹೋಟೆಲುಗಳಲ್ಲಿ ನಾವು ಮಾಡುತ್ತಿದ್ದ ಬೈ ಟೂ ಅದು, ಅಷ್ಟೇ. ನಾನು ಹೇಳುವುದೆಲ್ಲ ಅದರಲ್ಲೇ ಇದೆ: ತಲೆಗೊಂದು ತಟ್ಟೆ ಅಂತ ಯೋಚಿಸಬೇಡಿ, ಇಡೀ ಟೇಬಲ್ಲಿಗೆ ಏನೇನು ಬರಬೇಕು ಅಂತ ಯೋಚಿಸಿ. ಹಳದಿ ಸಾಸ್ ಟೇಬಲ್ಲಿಗೆ ಒಂದು. ಜಾಸ್ತಿ ಜನ ಇದ್ದರೆ ಎರಡು.

ಆ ಹಳದಿ ಸಾಸಿನ ಹೆಸರು ಹಾಲಂಡೈಸ್. ಮೊಟ್ಟೆಯ ಹಳದಿ ಭಾಗಕ್ಕೆ ಕರಗಿದ ಬೆಣ್ಣೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಸಣ್ಣ ಬಿಸಿಯಲ್ಲಿ ಕಡೆದು, ನಿಂಬೆರಸ ಹಿಂಡಿದ್ದು. ರುಚಿ ಚೆನ್ನಾಗಿದೆ, ಆದರೆ ಅದು ಬೆಣ್ಣೆಯೇ ಅಲ್ವಾ, ಎಷ್ಟು ಅಂತ ತಿನ್ನುತ್ತೀರಿ?

ಆ ಊರಿನ ಅಡುಗೆಗೆ ಕ್ರಿಯೋಲ್ ಅನ್ನುತ್ತಾರೆ, ಅದೇನು ಅಂತ ಎರಡು ಮಾತು, ಇಲ್ಲದಿದ್ದರೆ ಮೆನು ಅರ್ಥವಾಗುವುದಿಲ್ಲ. ನ್ಯೂ ಆರ್ಲಿಯನ್ಸ್ ಊರನ್ನು ಕಟ್ಟಿದ್ದು ಫ್ರೆಂಚರು, 1718ರಲ್ಲಿ. ಆಮೇಲೆ ಕೆಲವು ದಶಕ ಸ್ಪೇನಿನ ಕೈಯಲ್ಲಿತ್ತು, 1803ರಲ್ಲಿ ಅಮೆರಿಕ ಕೊಂಡುಕೊಂಡಿತು. ಯಜಮಾನರು ಯಾರೇ ಇರಲಿ, ಅಡುಗೆಮನೆಯಲ್ಲಿ ನಿಂತು ಬೇಯಿಸಿದವರಲ್ಲಿ ಬಹುಪಾಲು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಫ್ರೆಂಚ್ ಸಾಸು, ಸ್ಪೇನಿನ ಮಸಾಲೆ, ಆಫ್ರಿಕಾದ ಬೆಂಡೆಕಾಯಿ, ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರ ಸಾಸಫ್ರಾಸ್ ಎಲೆಯ ಪುಡಿ, ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಆದದ್ದು ಈ ಅಡುಗೆ. ಕೇಜನ್ ಬೇರೆ. ಅದು ಕೆನಡಾ ಕಡೆಯಿಂದ ಓಡಿಸಲ್ಪಟ್ಟ ಫ್ರೆಂಚ್ ರೈತರು ಲೂಸಿಯಾನಾದ ಹಳ್ಳಿಗಳಲ್ಲಿ ಬೆಳೆಸಿಕೊಂಡ ಅಡುಗೆ. ಸುಮ್ನೆ ಒಂದು ಅಂದಾಜಿಗೆ: ಬೆಣ್ಣೆ, ಕೆನೆ, ಟೊಮೆಟೊ ಕಂಡರೆ ಊರಿನ ಕ್ರಿಯೋಲ್. ಸಾಸೇಜು ಹಾಕಿ ಒಂದೇ ಪಾತ್ರೆಯಲ್ಲಿ ಕಡುಕಂದು ಬಣ್ಣಕ್ಕೆ ಬಂದಿದ್ದರೆ ಹಳ್ಳಿಯ ಕೇಜನ್. ಈಗ ಎರಡೂ ಬೆರೆತಿವೆ, ಜಗಳ ಮಾತ್ರ ನಿಂತಿಲ್ಲ.

ಬ್ರಂಚ್ ಕೂಡ ಅಲ್ಲಿ ಶ್ರೀಮಂತರ ಚಟವಾಗಿ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಾರ್ಕೆಟ್ಟಿನ ಮಾಂಸದ ಅಂಗಡಿಯವರು ನಸುಕಿಗೇ ಕೆಲಸ ಶುರು ಮಾಡಿ ಹನ್ನೊಂದು ಗಂಟೆಗೆ ಹಸಿದು ಬರುತ್ತಿದ್ದರು. ಜರ್ಮನಿಯಲ್ಲಿ ಹುಟ್ಟಿ ಇಲ್ಲಿಗೆ ಬಂದಿದ್ದ ಮದಾಮ್ ಬೇಗೆ ಅನ್ನುವ ಹೆಂಗಸು ಅವರಿಗೆಂದೇ ‘ಎರಡನೇ ತಿಂಡಿ’ ಹಾಕುತ್ತಿದ್ದಳು: ಆಮ್ಲೆಟ್ಟು, ಲಿವರ್, ವೈನು, ಕಾಫಿ. ಆಮೇಲೆ ಪ್ರವಾಸಿಗರು ಅದನ್ನು ಹುಡುಕಿಕೊಂಡು ಬರಲು ಶುರು ಮಾಡಿದರು. ಅಂದರೆ ಇದು ಗಟ್ಟಿ ಊಟವೇ. ಹೋಗುವ ಮುಂಚೆ ತಿಂಡಿ ತಿನ್ನಬೇಡಿ, ಬಂದ ಮೇಲೆ ರಾತ್ರಿ ಊಟದ ಯೋಚನೆ ಬೇಡ.

ಯಾವ ಹೋಟೆಲು, ಯಾವಾಗ

ಹೆಸರು ಬಹಳ ಇವೆ, ನಾನು ಮೂರು ಹೇಳುತ್ತೇನೆ. ಕಮಾಂಡರ್ಸ್ ಪ್ಯಾಲೆಸ್ ಗಾರ್ಡನ್ ಡಿಸ್ಟ್ರಿಕ್ಟಿನಲ್ಲಿದೆ. ನೀಲಿ ಹಸಿರು ಬಣ್ಣದ ಹಳೇ ಬಂಗಲೆ, ಎದುರಿಗೇ ಲಫಾಯೆಟ್ ಸ್ಮಶಾನ. ಗಾಬರಿ ಬೀಳಬೇಡಿ, ಆ ಊರಲ್ಲಿ ಸ್ಮಶಾನವೂ ನೋಡುವ ಜಾಗವೇ. ಶನಿವಾರ ಭಾನುವಾರ ಜಾಜ್ ಬ್ರಂಚ್ ಇರುತ್ತದೆ, ಸಂಗೀತದವರು ಟೇಬಲ್ಲಿಂದ ಟೇಬಲ್ಲಿಗೆ ಬರುತ್ತಾರೆ. ಜಾಜ್ ಬ್ರಂಚ್ ಅನ್ನುವ ಐಡಿಯಾ ಹೆಸರಾದದ್ದೇ ಇಲ್ಲಿಂದ, 1970ರ ದಶಕದಲ್ಲಿ. ಪಾಲ್ ಪ್ರುಡೋಮ್, ಎಮೆರಿಲ್ ಲಗಾಸಿ ಥರದ ಬಾಣಸಿಗರು ಹೆಸರು ಮಾಡಿದ್ದೂ ಇದೇ ಅಡುಗೆಮನೆಯಲ್ಲಿ.

ಬ್ರೆನನ್ಸ್ ಇರುವುದು ಫ್ರೆಂಚ್ ಕ್ವಾರ್ಟರಿನ ರಾಯಲ್ ಸ್ಟ್ರೀಟಲ್ಲಿ, ಗುಲಾಬಿ ಬಣ್ಣದ ಕಟ್ಟಡ. ಚೆಸ್ ಹುಚ್ಚಿನವರು ಇದನ್ನು ಬಿಡಲೇಬೇಡಿ. ಹತ್ತೊಂಬತ್ತನೇ ಶತಮಾನದ ಮಹಾ ಆಟಗಾರ ಪಾಲ್ ಮಾರ್ಫಿಯ ಮನೆ ಇದೇ ಕಟ್ಟಡದಲ್ಲಿತ್ತು, 1884ರಲ್ಲಿ ಅವನು ಸತ್ತದ್ದೂ ಇಲ್ಲೇ. ಇಲ್ಲಿ ಬೆಳಗಿನ ತಿಂಡಿಯೇ ದೊಡ್ಡ ಸಂಭ್ರಮ. ಇನ್ನೊಂದು ಅರ್ನೋಸ್, 1918ರಿಂದ ಇದೆ, ಭಾನುವಾರ ಜಾಜ್ ಬ್ರಂಚ್.

ಮಾರ್ಡಿ ಗ್ರಾ ಹಬ್ಬದ ಸಮಯದಲ್ಲಿ ಅಥವಾ ಏಪ್ರಿಲ್ ಕೊನೆ, ಮೇ ಶುರುವಿನ ಜಾಜ್ ಫೆಸ್ಟ್ ಹೊತ್ತಿಗೆ ಹೋಗುವುದಾದರೆ ವಾರಗಟ್ಟಲೆ ಮುಂಚೆ ಟೇಬಲ್ ಕಾದಿರಿಸಿ. ಬಟ್ಟೆಯ ವಿಷಯ: ಚಡ್ಡಿ, ಹವಾಯಿ ಚಪ್ಪಲಿ, ಹರಿದ ಜೀನ್ಸ್ ನಡೆಯುವುದಿಲ್ಲ. ಗಂಡಸರಿಗೆ ಕಾಲರ್ ಇರುವ ಶರ್ಟು ಸಾಕು, ಕೋಟು ಇದ್ದರೆ ಒಳ್ಳೆಯದು. ಹೆಂಗಸರು ಸೀರೆ ಉಟ್ಟು ಹೋದರೆ ಅಲ್ಲಿನವರು ಎದ್ದು ಬಂದು ಮಾತಾಡಿಸುತ್ತಾರೆ. ಆ ಊರಿನವರಿಗೆ ಭಾನುವಾರದ ಅಲಂಕಾರ ಅಂದರೆ ತುಂಬಾ ಇಷ್ಟ.

ಕೂತ ತಕ್ಷಣ

ಮೊದಲು ಕೇಳಬೇಕಾದದ್ದು ಸಿಹಿಯ ಬಗ್ಗೆ. ಹೌದು, ಕೂತ ತಕ್ಷಣ. ಕಮಾಂಡರ್ಸ್‌ನಲ್ಲಿ ಬ್ರೆಡ್ ಪುಡ್ಡಿಂಗ್ ಸೂಫ್ಲೇ ಅಂತ ಒಂದಿದೆ, ಅದನ್ನು ಊಟದ ಜೊತೆಗೇ ಹೇಳಿಬಿಡಬೇಕು, ಒಲೆಯಲ್ಲಿ ಉಬ್ಬಿ ಬರಲು ಹೊತ್ತು ಬೇಕು. ಕೊನೆಯಲ್ಲಿ ನೆನಪಾದರೆ ಇನ್ನೊಂದು ಇಪ್ಪತ್ತು ನಿಮಿಷ ಕೈ ಕಟ್ಟಿ ಕೂರಬೇಕಾಗುತ್ತದೆ.

ಎರಡನೆಯದು ಬೆಲೆ ಹೇಗೆ ಹಾಕಿದ್ದಾರೆ ಅಂತ ನೋಡಿಕೊಳ್ಳಿ. ಬಹಳ ಕಡೆ ಬ್ರಂಚ್ ಅಂದರೆ ಮೂರು ಸುತ್ತು, ಮಧ್ಯದ ತಟ್ಟೆಗೆ ಹಾಕಿದ ಬೆಲೆಯಲ್ಲೇ ಮುಂದಿನದೂ ಹಿಂದಿನದೂ ಸೇರಿರುತ್ತದೆ. ಹಾಗಿದ್ದರೆ ನೀವು ನಾಲ್ಕು ಜನಕ್ಕೆ ನಾಲ್ಕು ಮೊದಲ ಸುತ್ತು, ನಾಲ್ಕು ಮಧ್ಯದ್ದು, ನಾಲ್ಕು ಸಿಹಿ, ಒಟ್ಟು ಹನ್ನೆರಡು ಬೇರೆ ಬೇರೆ ತಟ್ಟೆ ತರಿಸಬಹುದು. ಯಾರೂ ಯಾರದ್ದನ್ನೂ ರಿಪೀಟ್ ಮಾಡಬಾರದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಮ್ಮ ಗುಂಪಿನಲ್ಲಿ ಒಬ್ಬ ‘ನನಗೂ ಅದೇ’ ಅನ್ನುವವನು ಯಾವಾಗಲೂ ಇರುತ್ತಾನೆ. ಅವನನ್ನು ಕೊನೆಗೆ ಹೇಳಲು ಬಿಡಬೇಡಿ, ಮೊದಲು ಹೇಳಿಸಿ.

ಕುಡಿಯುವವರಿಗೆ: ಅಲ್ಲಿ ಬೆಳಿಗ್ಗೆಯ ಮೊದಲ ಪೆಗ್ಗಿಗೆ ‘ಐ ಓಪನರ್’ ಅಂತಲೇ ಹೆಸರು. ಕಿತ್ತಳೆ ರಸಕ್ಕೆ ಶಾಂಪೇನ್ ಬೆರೆಸಿದ ಮಿಮೋಸಾ ಎಲ್ಲ ಊರಲ್ಲೂ ಸಿಗುತ್ತದೆ, ಬಿಡಿ. ಬ್ರಾಂಡಿ ಮಿಲ್ಕ್ ಪಂಚ್ ಹೇಳಿ. ತಣ್ಣನೆಯ ಹಾಲು, ಬ್ರಾಂಡಿ, ಸಕ್ಕರೆ, ವೆನಿಲ್ಲಾ, ಮೇಲೆ ತುರಿದ ಜಾಯಿಕಾಯಿ. ಬಾದಾಮಿ ಹಾಲಿಗೆ ಯಾರೋ ಕಿಡಿಗೇಡಿ ಬ್ರಾಂಡಿ ಹಾಕಿದ ಹಾಗಿರುತ್ತದೆ, ನಿಧಾನ ಕುಡಿಯಿರಿ. ರಾಮೋಸ್ ಜಿನ್ ಫಿಜ್ ಅಂತ ಒಂದಿದೆ, 1888ರಲ್ಲಿ ಈ ಊರಲ್ಲೇ ಹುಟ್ಟಿದ್ದು, ಕೆನೆ, ಮೊಟ್ಟೆಯ ಬಿಳಿ, ಕಿತ್ತಳೆ ಹೂವಿನ ನೀರು ಹಾಕಿ ತೋಳು ಸೋಲುವವರೆಗೂ ಕುಲುಕಬೇಕು. ಬಾರ್ ತುಂಬಿದ್ದರೆ ಅದನ್ನು ಕೇಳಬೇಡಿ, ಪಾಪ ಆ ಹುಡುಗನ ಮುಖ ನೋಡಲಾಗುವುದಿಲ್ಲ. ಸಾಜೆರಾಕ್ ಅನ್ನುವ ಗಡಸು ವಿಸ್ಕಿ ಕಾಕ್‌ಟೇಲ್ ರಾತ್ರಿಗಿರಲಿ.

ಮೊದಲ ಸುತ್ತು

ಇಲ್ಲಿ ಸೂಪು ಬೇಕೇ ಬೇಕು. ಗಂಬೋ ಅಥವಾ ಟರ್ಟಲ್ ಸೂಪು. ಗಂಬೋ ಅನ್ನುವ ಹೆಸರೇ ಮಧ್ಯ ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗೆ ಇರುವ ಹೆಸರಿನಿಂದ ಬಂದದ್ದು ಅಂತ ಹೇಳುತ್ತಾರೆ. ಅದರ ಜೀವ ಇರುವುದು ‘ರೂ’ದಲ್ಲಿ. ಎಣ್ಣೆಗೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಕದಡುತ್ತಾ ಕದಡುತ್ತಾ ಬಿಳಿಯಿಂದ ಹೊಂಬಣ್ಣ, ಅಲ್ಲಿಂದ ಕಡಲೆಬೀಜದ ಬಣ್ಣ, ಕೊನೆಗೆ ಚಾಕೊಲೇಟ್ ಬಣ್ಣ. ಮೈಸೂರು ಪಾಕ್ ಮಾಡಿದವರಿಗೆ ಈ ಎದೆ ಢವಢವ ಗೊತ್ತು: ಕೈ ನಿಂತರೆ ಕೆಟ್ಟಿತು, ಸೀದರೆ ಎಲ್ಲ ಚೆಲ್ಲಿ ಮೊದಲಿಂದ ಶುರು. ಅದಕ್ಕೆ ಈರುಳ್ಳಿ, ಸೆಲರಿ, ಕ್ಯಾಪ್ಸಿಕಂ ಬೀಳುತ್ತದೆ. ಈ ಮೂರಕ್ಕೆ ಅಲ್ಲಿ ‘ಹೋಲಿ ಟ್ರಿನಿಟಿ’ ಅಂತ ಭಕ್ತಿಯಿಂದ ಕರೆಯುತ್ತಾರೆ, ನಮ್ಮ ಸಾಸಿವೆ ಕರಿಬೇವು ಇಂಗಿನ ಹಾಗೆ. ಆಮೇಲೆ ಸಾರು, ಸಿಗಡಿ ಏಡಿಯೋ ಕೋಳಿ ಸಾಸೇಜೋ, ಮಧ್ಯೆ ಒಂದು ಸೌಟು ಅನ್ನ. ಬಟ್ಟಲಲ್ಲಿ ಅನ್ನ ನಡುಗಡ್ಡೆಯ ಹಾಗೆ ನಿಂತಿರುತ್ತದೆ. ಅಷ್ಟು ದೂರದ ಊರಲ್ಲಿ ಅನ್ನ ಸಾರು ಸಿಕ್ಕಿದ ಹಾಗೆ ಅನ್ನಿಸಿ ನನಗೆ ನಗು ಬಂದಿತ್ತು.

ಟರ್ಟಲ್ ಸೂಪು ನಿಜವಾಗಿಯೂ ಆಮೆಯದ್ದೇ. ಕಂದು ಬಣ್ಣ, ಗಟ್ಟಿ, ಟೊಮೆಟೊ ನಿಂಬೆಯ ಹುಳಿ, ಬೇಯಿಸಿದ ಮೊಟ್ಟೆಯ ಚೂರು. ಸಪ್ಲೈಯರ್ ಟೇಬಲ್ಲಿಗೆ ಬಂದು ಮೇಲಿಂದ ಶೆರಿ ವೈನು ಒಂದಿಷ್ಟು ಹಾಕುತ್ತಾನೆ. ಆ ಕ್ಷಣ ಬಿಸಿ ಆವಿ ಎದ್ದು ಮೂಗಿಗೆ ಹೊಡೆಯುತ್ತದಲ್ಲ, ಅರ್ಧ ರುಚಿ ಅದರಲ್ಲೇ ಇದೆ. ‘ಸಾಕು’ ಅನ್ನುವುದಕ್ಕೆ ಆತುರ ಪಡಬೇಡಿ. ಆಮೆ ತಿನ್ನಲು ಮನಸ್ಸು ಒಪ್ಪದಿದ್ದರೆ ಬಲವಂತ ಏನಿಲ್ಲ. ಆಮೆಯ ಜೊತೆ ಕರುವಿನ ಮಾಂಸ ಬೆರೆಸುವ ಕಡೆಯೂ ಇವೆ, ಅದು ಆಗದವರು ಕೇಳಿಕೊಳ್ಳಿ. ಯಾವುದು ಅಂತ ತೀರ್ಮಾನ ಆಗದಿದ್ದರೆ ಕಮಾಂಡರ್ಸ್‌ನಲ್ಲಿ ಪುಟ್ಟ ಪುಟ್ಟ ಬಟ್ಟಲಲ್ಲಿ ಮೂರು ಸೂಪು ಒಟ್ಟಿಗೆ ಕೊಡುವ ಪದ್ಧತಿ ಇದೆ, ಬೈ ಟೂ ಜನಕ್ಕೆ ಹೇಳಿ ಮಾಡಿಸಿದ್ದು.

ಟೇಬಲ್ಲಿಗೆ ಒಂದು ತಣ್ಣನೆಯದ್ದೂ ಇರಲಿ. ಶ್ರಿಂಪ್ ರೆಮುಲಾಡ್ ಹೇಳಿ, ಅರ್ನೋಸ್‌ನದ್ದು ಹೆಸರುವಾಸಿ. ಬೇಯಿಸಿ ತಣಿಸಿದ ಸಿಗಡಿಗೆ ತರಿ ಸಾಸಿವೆಯ ಕೆಂಪು ಸಾಸು. ಹಸಿ ಸಾಸಿವೆ ಅರೆದು ಮಾಡುವ ನಮ್ಮ ಸಾಸಿವೆ ತಿಂದವರಿಗೆ ಆ ಮೂಗಿಗೆ ಏರುವ ಖಾರ ಪರಿಚಯದ್ದೇ. ಮುಂದೆ ಬರುವ ಬೆಣ್ಣೆಯ ದಾಳಿಗೆ ಇದೊಂದೇ ಮದ್ದು. ಆಯ್ಸ್ಟರ್, ಅಂದರೆ ಸಿಂಪಿ, ತಿನ್ನುವವರು ಬೇಕ್ ಮಾಡಿದ್ದನ್ನೇ ತಗೊಳ್ಳಿ. ಆಯ್ಸ್ಟರ್ಸ್ ರಾಕ್‌ಫೆಲ್ಲರ್ ಹುಟ್ಟಿದ್ದು ಇದೇ ಊರಿನ ಆಂಟ್ವಾನ್ಸ್ ಹೋಟೆಲಲ್ಲಿ, 1899ರಲ್ಲಿ. ಸಾಸು ಅಷ್ಟು ಶ್ರೀಮಂತ ಅಂತ ಆ ಕಾಲದ ದೊಡ್ಡ ಶ್ರೀಮಂತನ ಹೆಸರಿಟ್ಟರು. ಮೂಲ ಪಾಕ ಇವತ್ತಿಗೂ ಗುಟ್ಟು.

ಪೊಮ್ ಸೂಫ್ಲೇ ಎಲ್ಲಾದರೂ ಕಂಡರೆ ಕೇಳದೆಯೇ ಹೇಳಿ. ಆಲೂಗಡ್ಡೆ ಬಿಲ್ಲೆ, ಎರಡು ಸಲ ಕರಿದದ್ದು, ಎರಡನೇ ಸಲ ಪೂರಿಯ ಹಾಗೆ ಉಬ್ಬುತ್ತದೆ. ಮಕ್ಕಳಿದ್ದರೆ ಎರಡು ತಟ್ಟೆ.

ಮಧ್ಯದ ಸುತ್ತು: ಮೊಟ್ಟೆ ಒಂದು, ಗ್ರೇವಿ ಒಂದು, ಮೀನು ಒಂದು

ಮೊಟ್ಟೆಯ ಸಾಲಿನಲ್ಲಿ ಹತ್ತು ಹೆಸರಿದ್ದರೂ ಲೆಕ್ಕ ಸುಲಭ. ಕೆಳಗೆ ಏನೋ ಒಂದು, ಮೇಲೆ ನೀರಲ್ಲಿ ಮೆತ್ತಗೆ ಬೇಯಿಸಿದ ಮೊಟ್ಟೆ, ಅದರ ಮೇಲೆ ಹಾಲಂಡೈಸ್. ಬದಲಾಗುವುದು ಕೆಳಗಿನದು ಮಾತ್ರ. ಸಾರ್ಡೂ ಅಂದರೆ ಕೆಳಗೆ ಆರ್ಟಿಚೋಕ್ ಅನ್ನುವ, ತರಕಾರಿಯಾಗಿ ತಿನ್ನುವ ಹೂಮೊಗ್ಗು ಮತ್ತು ಕೆನೆ ಹಾಕಿದ ಪಾಲಕ್. ಹುಸಾರ್ಡ್ ಅಂದರೆ ಗರಿಗರಿ ರಸ್ಕು, ಹಂದಿಮಾಂಸ, ಕೆಂಪು ವೈನಿನ ಇನ್ನೊಂದು ಸಾಸು, ಇದು ಬ್ರೆನನ್ಸ್‌ನದ್ದು. ಸೇಂಟ್ ಚಾರ್ಲ್ಸ್ ಅಂದರೆ ಕೆಳಗೆ ಕರಿದ ಮೀನು. ನನ್ನ ಓಟು ಸಾರ್ಡೂಗೆ. ಆರ್ಟಿಚೋಕಿನ ಸಣ್ಣ ಒಗರು ಬೆಣ್ಣೆಗೆ ಕಡಿವಾಣ ಹಾಕುತ್ತದೆ. ಫೋರ್ಕು ತಾಗಿಸಿದ ತಕ್ಷಣ ಮೊಟ್ಟೆ ಒಡೆದು ಹಳದಿ ಪಾಲಕ್ಕಿನ ಮೇಲೆ ಹರಿಯುತ್ತದೆ, ಅದು ಹರಿಯದೆ ಗಟ್ಟಿಯಾಗಿ ನಿಂತರೆ ವಾಪಸ್ ಕಳಿಸಿ, ಸಂಕೋಚ ಬೇಡ. ಅಷ್ಟು ದುಡ್ಡಿಗೆ ಬೇಯಿಸಿದ ಮೊಟ್ಟೆ ತಿನ್ನಬೇಕೇನು?

ಗ್ರೇವಿಯ ಸಾಲಿನಲ್ಲಿ ಗ್ರಿಯಾಡ್ಸ್ ಅಂಡ್ ಗ್ರಿಟ್ಸ್. ಆ ಊರಿನ ಬೆಳಗಿನ ಊಟ ಅಂದರೆ ನನಗೆ ಇದೇ. ಹೆಸರಲ್ಲಿ ಸುಟ್ಟದ್ದು ಅನ್ನುವ ಅರ್ಥ ಇದ್ದರೂ ಸುಡುವುದಿಲ್ಲ. ತೆಳ್ಳಗೆ ಬಡಿದ ಮಾಂಸವನ್ನು ಕೆಂಪಗೆ ಮಾಡಿ, ಈರುಳ್ಳಿ ಟೊಮೆಟೊ ಗ್ರೇವಿಯಲ್ಲಿ ಚಾಕು ಬೇಡದಷ್ಟು ಮೆತ್ತಗಾಗುವವರೆಗೆ ಬೇಯಿಸುತ್ತಾರೆ. ಗಮನಿಸಿ, ಅದು ಸಾಮಾನ್ಯವಾಗಿ ದನ ಅಥವಾ ಕರುವಿನದು. ತಿನ್ನದವರು ಮೊದಲೇ ಕೇಳಿ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ತರಿ ಬೇಯಿಸಿದ್ದು. ಉತ್ತರ ಕರ್ನಾಟಕದವರಿಗೆ ಜಾಸ್ತಿ ವಿವರಣೆ ಬೇಕಿಲ್ಲ, ನುಚ್ಚು. ಮಜ್ಜಿಗೆಯ ಬದಲು ಬೆಣ್ಣೆ, ಕೆನೆ, ಚೀಸ್ ಹಾಕಿದ ನುಚ್ಚು. ನನ್ನ ಜೊತೆ ಬಂದಿದ್ದ ಧಾರವಾಡದ ಗೆಳೆಯ ಮೊದಲ ಚಮಚಕ್ಕೇ ‘ಇದಕ್ಕ ಇಷ್ಟ್ ರೊಕ್ಕ ಏನಪಾ’ ಅಂದ, ಆಮೇಲೆ ತಟ್ಟೆ ಬಿಡಲಿಲ್ಲ. ಶ್ರಿಂಪ್ ಅಂಡ್ ಗ್ರಿಟ್ಸ್ ಕೂಡ ಮೆನುವಿನಲ್ಲಿ ಇರುತ್ತದೆ, ಅದು ಮೂಲದಲ್ಲಿ ಕೆರೊಲೈನಾ ಕರಾವಳಿ ಕಡೆಯದು. ಚೆನ್ನಾಗಿಯೇ ಇರುತ್ತದೆ, ಆದರೆ ಬೇರೆ ಊರಲ್ಲೂ ಸಿಗುತ್ತದೆ.

ಸಿಗಡಿ ಬೇಕೇ ಬೇಕು ಅಂದರೆ ನ್ಯೂ ಆರ್ಲಿಯನ್ಸ್ ಬಾರ್ಬೆಕ್ಯೂ ಶ್ರಿಂಪ್ ಇದೆಯಾ ನೋಡಿ. ಇದರಲ್ಲೂ ಬಾರ್ಬೆಕ್ಯೂ ಇಲ್ಲ, ಇದ್ದಿಲೂ ಇಲ್ಲ. ಬೆಣ್ಣೆ, ವೂಸ್ಟರ್ ಸಾಸು, ಕೈ ತುಂಬಾ ಕಾಳುಮೆಣಸು. ನಮ್ಮ ಕಾಳುಮೆಣಸಿನ ಘಾಟು ಅಲ್ಲಿ ನಿಜವಾಗಿ ಸಿಗುವುದು ಈ ತಟ್ಟೆಯಲ್ಲಿ ಮಾತ್ರ. ಕೆಲವು ಕಡೆ ತಲೆ ಸಮೇತ ಬರುತ್ತದೆ, ಕೈಯಲ್ಲೇ ಸುಲಿಯಬೇಕು. ಕೋಟು ಹಾಕಿಕೊಂಡು ಕೂತಿದ್ದೀನಿ ಅಂತ ನಾಚಿಕೆ ಪಡಬೇಡಿ, ಉಳಿದ ಸಾಸನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನಿ, ಅಲ್ಲಿನವರೂ ಹಾಗೇ ಮಾಡುತ್ತಾರೆ.

ಮೀನು ಆ ದಿನದ್ದು ಯಾವುದು ಅಂತ ಕೇಳಿ. ಮೆಕ್ಸಿಕೋ ಕೊಲ್ಲಿಯ ಸಮುದ್ರ ಪಕ್ಕದಲ್ಲೇ ಇದೆ. ಪೆಕಾನ್ ಅನ್ನುವ ಅಕ್ರೋಟದಂಥ ಬೀಜ ಅಥವಾ ಬಾದಾಮಿ ಹಾಕಿ ಬಾಣಲೆಯಲ್ಲಿ ಮಾಡಿದ್ದು ಸಾಕು. ವಸಂತದಲ್ಲಿ ಹೋದರೆ ಸಿಗಡಿಯಂಥ ಸಿಹಿನೀರಿನ ಕ್ರಾಫಿಶ್, ಬೇಸಿಗೆಯಲ್ಲಿ ಮೆತ್ತನೆ ಚಿಪ್ಪಿನ ಏಡಿ ಮತ್ತು ಅಲ್ಲಿನ ದಪ್ಪ ಕ್ರಿಯೋಲ್ ಟೊಮೆಟೊ, ಇವು ಮೆನುವಿನಲ್ಲಿ ಬಂದರೆ ಉಳಿದದ್ದನ್ನು ಬಿಟ್ಟು ಅದನ್ನೇ ತಗೊಳ್ಳಿ.

ಸಸ್ಯಾಹಾರಿಗಳಿಗೆ

ಇದನ್ನು ಸ್ವಲ್ಪ ಹೊಟ್ಟೆಯುರಿಯಿಂದಲೇ ಬರೆಯುತ್ತಿದ್ದೇನೆ. ಎರಡನೇ ಸಲ ಹೋದಾಗ ಜೊತೆಗೆ ಅಪ್ಪಟ ಸಸ್ಯಾಹಾರಿ ಅತ್ತೆ ಇದ್ದರು. ಒಂದು ಹೋಟೆಲಲ್ಲಿ, ಹೆಸರು ಬೇಡ, ‘ಗ್ರಿಟ್ಸ್ ವೆಜಿಟೇರಿಯನ್ನಾ?’ ಅಂತ ಕೇಳಿದೆವು. ‘ಖಂಡಿತ’ ಅಂದರು. ಅತ್ತೆ ಖುಷಿಯಾಗಿ ಮುಕ್ಕಾಲು ಬಟ್ಟಲು ತಿಂದರು. ಇನ್ನೊಬ್ಬ ಸಪ್ಲೈಯರ್ ತಟ್ಟೆ ಎತ್ತಲು ಬಂದವನು ರುಚಿಯ ಗುಟ್ಟು ಹೇಳುವ ಉತ್ಸಾಹದಲ್ಲಿ, ಅದನ್ನು ಚಿಕನ್ ಸ್ಟಾಕಿನಲ್ಲಿ ಬೇಯಿಸುತ್ತಾರೆ ಅಂದುಬಿಟ್ಟ. ಅತ್ತೆ ಏನೂ ಮಾತಾಡಲಿಲ್ಲ. ಹ್ಯೂಸ್ಟನ್ ಮುಟ್ಟುವವರೆಗೂ ಮಾತಾಡಲಿಲ್ಲ.

ತಪ್ಪು ಅರ್ಧ ನಮ್ಮದು. ಅಲ್ಲಿ ವೆಜಿಟೇರಿಯನ್ ಅಂದರೆ ಕಣ್ಣಿಗೆ ಮಾಂಸದ ತುಂಡು ಕಾಣಬಾರದು, ಅಷ್ಟೇ ಅಂದುಕೊಂಡವರು ಇದ್ದಾರೆ. ಆದ್ದರಿಂದ ‘ವೆಜ್ಜಾ?’ ಅಂತ ಕೇಳಲೇಬೇಡಿ. ಬಿಡಿಸಿ ಕೇಳಿ: ಇದನ್ನು ಯಾವುದರಲ್ಲಿ ಬೇಯಿಸಿದ್ದೀರಿ, ನೀರೋ ಹಾಲೋ ಚಿಕನ್ ಸ್ಟಾಕೋ? ಬೇಕನ್, ಹ್ಯಾಮ್, ಹಂದಿಕೊಬ್ಬು ಯಾವುದಾದರೂ ಬಿದ್ದಿದೆಯಾ? ವೂಸ್ಟರ್ ಸಾಸು ಇದೆಯಾ? ಆ ಸಾಸಿನಲ್ಲಿ ಆಂಚೊವಿ ಅನ್ನುವ ಸಣ್ಣ ಮೀನು ಇರುತ್ತದೆ, ಹಾಗಾಗಿ ಅದನ್ನು ಹಾಕುವ ಬ್ಲಡಿ ಮೇರಿ ಅನ್ನುವ ಟೊಮೆಟೊ ರಸದ ಕಾಕ್‌ಟೇಲ್ ಕೂಡ ಲೆಕ್ಕಕ್ಕೆ ಸಸ್ಯಾಹಾರ ಅಲ್ಲ. ರೆಡ್ ಬೀನ್ಸ್ ಅಂತ ನೋಡಿ ನಮ್ಮ ಅಲಸಂದೆ ಪಲ್ಯ ನೆನೆಸಿಕೊಳ್ಳಬೇಡಿ, ಅದರಲ್ಲಿ ಹಂದಿಮಾಂಸ ಇರುತ್ತದೆ. ಗಂಬೋ ಜೆರ್ಬ್ ಅಂತ ಹಲವು ಸೊಪ್ಪು ಹಾಕಿ ಮಾಡುವ ಒಂದು ಗಂಬೋ ಇದೆ, ನಮ್ಮ ಬೆರಕೆ ಸೊಪ್ಪಿನ ಸಾರಿನ ದೂರದ ನೆಂಟ. ಡೂಕಿ ಚೇಸ್ ಹೋಟೆಲಿನ ಲಿಯಾ ಚೇಸ್ ಅಜ್ಜಿ ಈಸ್ಟರ್ ಹಿಂದಿನ ಗುರುವಾರ ಮಾಡುತ್ತಿದ್ದದ್ದು ಊರಿಗೇ ಪ್ರಸಿದ್ಧ. ಹೆಸರು ಸೊಪ್ಪಿನದಾದರೂ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ.

ಹಾಗಾದರೆ ಏನು ತಿನ್ನಬೇಕು? ಟೇಬಲ್ ಕಾದಿರಿಸುವಾಗಲೇ ಎರಡು ಮೂರು ದಿನ ಮುಂಚೆ ಫೋನ್ ಮಾಡಿ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ಆ ಮಟ್ಟದ ಅಡುಗೆಮನೆಗೆ ಸಮಯ ಕೊಟ್ಟರೆ ನಿಮಗೆಂದೇ ಏನಾದರೂ ಮಾಡಿಕೊಡುತ್ತಾರೆ, ಅದು ಮೆನುವಿನಲ್ಲಿ ಇರುವುದಕ್ಕಿಂತ ಚೆನ್ನಾಗಿರುವುದೂ ಉಂಟು. ಮೊಟ್ಟೆ ನಡೆಯುತ್ತದೆ ಅಂದರೆ ಎಗ್ಸ್ ಸಾರ್ಡೂ ಸುಲಭದ ದಾರಿ, ಆದರೆ ಹಳೇ ಪದ್ಧತಿಯಲ್ಲಿ ಅದಕ್ಕೂ ಆಂಚೊವಿ ಮತ್ತು ಹ್ಯಾಮ್ ಹಾಕುತ್ತಿದ್ದರು, ಒಂದು ಮಾತು ಕೇಳಿಬಿಡಿ. ಮೊಟ್ಟೆಯೂ ಬೇಡ ಅನ್ನುವವರು ಹಾಲಲ್ಲಿ ಬೇಯಿಸಿದ ಗ್ರಿಟ್ಸ್ ಜೊತೆ ಅಣಬೆ, ಟೊಮೆಟೊ ಸಲಾಡು, ಸಾಸು ಬಿಟ್ಟು ಪೊಮ್ ಸೂಫ್ಲೇ, ಅಲ್ಲಿನ ಮೆತ್ತನೆ ಬನ್ನಿನಂಥ ಬಿಸ್ಕಿಟ್ಟಿಗೆ ಬೆಣ್ಣೆ ಜ್ಯಾಮು ಅಂತ ಸೇರಿಸಿಕೊಳ್ಳಬಹುದು. ಕರಿದದ್ದಾದರೆ ಎಣ್ಣೆ ಯಾವುದಕ್ಕೆಲ್ಲ ಬಳಸಿದ್ದು ಅಂತ ಕೇಳಿ. ಕ್ರಿಯೋಲ್ ಕ್ರೀಮ್ ಚೀಸ್ ಅಂತ ಒಂದು ಹಳೇ ಪದಾರ್ಥ ಇದೆ, ಗಟ್ಟಿ ಮೊಸರಿನ ಹಾಗೆ, ಹಣ್ಣು ಸಕ್ಕರೆ ಹಾಕಿಕೊಂಡು ತಿನ್ನುವುದು. ಹಾಲು ಹೆಪ್ಪುಗಟ್ಟಿಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದಾದ ರೆನೆಟ್ ಬಗ್ಗೆ ತಲೆಕೆಡಿಸಿಕೊಳ್ಳದವರಿಗೆ ಇಷ್ಟವಾಗುತ್ತದೆ. ಮೂರನೇ ಸಲ ಫೋನ್ ಮಾಡಿ ಹೋದೆವು, ಅತ್ತೆಯೂ ಬಂದಿದ್ದರು. ಬಂದಿದ್ದರು ಅನ್ನುವುದೇ ದೊಡ್ಡದು.

ಸಿಹಿ, ಬೆಂಕಿ, ಕಾಫಿ

ಬನಾನಾಸ್ ಫಾಸ್ಟರ್ ತಿನ್ನುವುದಾದರೆ ಬ್ರೆನನ್ಸ್‌ನಲ್ಲೇ ತಿನ್ನಿ, ಅದು ಹುಟ್ಟಿದ್ದು ಅವರಲ್ಲಿ, 1951ರಲ್ಲಿ. ಆಗ ಮಧ್ಯ ಮತ್ತು ದಕ್ಷಿಣ ಅಮೆರಿಕ ಕಡೆಯ ಬಾಳೆಹಣ್ಣು ದೇಶಕ್ಕೆ ಬರುತ್ತಿದ್ದ ದೊಡ್ಡ ಬಂದರು ನ್ಯೂ ಆರ್ಲಿಯನ್ಸ್. ಊರಿಗೆ ಊರೇ ಬಾಳೆಹಣ್ಣು. ಆ ಮನೆತನದ ಎಲಾ ಬ್ರೆನನ್ ಅನ್ನುವ ಹೆಂಗಸು ಮತ್ತು ಬಾಣಸಿಗ ಪಾಲ್ ಬ್ಲಾಂಜೆ ಸೇರಿ ಮಾಡಿ, ಮನೆಯವರ ಗೆಳೆಯ ರಿಚರ್ಡ್ ಫಾಸ್ಟರ್ ಹೆಸರಿಟ್ಟರು.

ಇದನ್ನು ತಿನ್ನುವುದಕ್ಕಿಂತ ನೋಡುವುದು ಮುಖ್ಯ. ಗಾಡಿಯ ಮೇಲೆ ಒಲೆ, ಅದನ್ನು ಟೇಬಲ್ ಪಕ್ಕ ತಂದು ನಿಲ್ಲಿಸುತ್ತಾರೆ. ಅಗಲ ಬಾಣಲೆಯಲ್ಲಿ ಬೆಣ್ಣೆ, ಕಂದು ಸಕ್ಕರೆ. ಕರಗಿ ಗುಳ್ಳೆ ಏಳುವಾಗ ನಮ್ಮ ಬೆಲ್ಲದ ಪಾಕದ್ದೇ ವಾಸನೆ. ಉದ್ದಕ್ಕೆ ಸೀಳಿದ ಬಾಳೆಹಣ್ಣು ಬಿತ್ತು, ಬಾಳೆಹಣ್ಣಿನ ಲಿಕರ್ ಬಿತ್ತು, ಆಮೇಲೆ ರಮ್. ಬಾಣಲೆ ಸ್ವಲ್ಪ ವಾಲಿಸಿದ ಕೂಡಲೇ ಭಗ್ ಅಂತ ಬೆಂಕಿ. ಆಗ ಅವನು ಚಿಟಿಕೆ ದಾಲ್ಚಿನ್ನಿ ಪುಡಿ ಬೆಂಕಿಗೆ ಎರಚುತ್ತಾನೆ, ಸುರುಸುರುಬತ್ತಿಯ ಹಾಗೆ ಕಿಡಿ ಹಾರುತ್ತದೆ. ಬೆಂಕಿ ಆರಿದ ಮೇಲೆ ಎಲ್ಲವನ್ನೂ ವೆನಿಲ್ಲಾ ಐಸ್‌ಕ್ರೀಮಿನ ಮೇಲೆ ಸುರಿಯುತ್ತಾನೆ. ಕೂದಲು ಬಿಟ್ಟವರು ಸ್ವಲ್ಪ ಹಿಂದಕ್ಕೆ ವಾಲಿ ಕೂರಿ. ಇನ್ನೊಂದು ಮಾತು, ಬೆಂಕಿ ಹತ್ತಿದರೆ ರಮ್ ಪೂರ್ತಿ ಹೋಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ. ಬ್ರೆಡ್ ಪುಡ್ಡಿಂಗ್ ಸೂಫ್ಲೇ ಮೇಲೆ ಸುರಿಯುವ ವಿಸ್ಕಿ ಸಾಸಿಗೂ ಇದೇ ಮಾತು. ಮದ್ಯ ಮುಟ್ಟದವರಿಗೆ, ಮಕ್ಕಳಿಗೆ ಬೇರೆ ಹೇಳಿ.

ಕಾಲಾಸ್ ಅಂತ ಎಲ್ಲಾದರೂ ಕಂಡರೆ ಬಿಡಬೇಡಿ. ಅನ್ನವನ್ನು ಹಿಟ್ಟಿಗೆ ಕಲಸಿ, ಹುದುಗು ಬರಿಸಿ, ಜಾಯಿಕಾಯಿ ಹಾಕಿ ಕರಿದ ಸಿಹಿ ಉಂಡೆ. ನಮ್ಮ ಮಲೆನಾಡಿನ ಮುಳಕದ ಪೈಕಿ. ಕಪ್ಪು ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗಿ ಮಾರುತ್ತಿದ್ದ ತಿಂಡಿ ಇದು, ಗುಲಾಮರಾಗಿದ್ದವರಲ್ಲಿ ಕೆಲವರು ಆ ದುಡ್ಡು ಕೂಡಿಟ್ಟು ತಮ್ಮ ಬಿಡುಗಡೆ ಕೊಂಡುಕೊಂಡದ್ದೂ ಉಂಟು. ಈಗ ಮೆನುಗಳಲ್ಲಿ ಅಪರೂಪ.

ಕಾಫಿಗೆ ಚಿಕೋರಿ ಹಾಕಿದ್ದು ಕೇಳಿ. ಅಮೆರಿಕದ ಬೇರೆ ಊರಲ್ಲಿ ಚಿಕೋರಿ ಅಂದರೆ ಕಣ್ಣು ಬಿಡುತ್ತಾರೆ, ಇಲ್ಲಿ ಅದು ಮನೆಮಾತು. ಫ್ರೆಂಚರ ಕಾಲದಿಂದ ಗೊತ್ತಿತ್ತು, ಅಮೆರಿಕದ ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಬೀಜ ಸಿಗದಾದಾಗ ಬೇರಿನ ಪುಡಿ ಬೆರೆಸಿ ಕುಡಿದರು, ಯುದ್ಧ ಮುಗಿದರೂ ನಾಲಿಗೆ ಬಿಡಲಿಲ್ಲ. ಅರ್ಧ ಬಿಸಿ ಹಾಲು ಹಾಕಿದ ಕಫೆ ಓಲೆ ಒಂದು ಗುಟುಕು ಕುಡಿದರೆ ನಮ್ಮ ಕಾಫಿಪುಡಿ ಅಂಗಡಿಯ ‘ಎಪ್ಪತ್ತು ಮೂವತ್ತು’ ನೆನಪಾಗದೆ ಇರುವುದಿಲ್ಲ. ಲೋಟ ಡಬರಿ ಮಾತ್ರ ಇಲ್ಲ. ಕಫೆ ಬ್ರೂಲೋ ಅಂತ ಬ್ರಾಂಡಿಗೆ ಬೆಂಕಿ ಹಚ್ಚಿ, ಲವಂಗ ಚುಚ್ಚಿದ ಕಿತ್ತಳೆ ಸಿಪ್ಪೆಯ ಮೇಲಿಂದ ಇಳಿಸುವ ಕಾಫಿಯೂ ಇದೆ. ಒಂದು ಊಟಕ್ಕೆ ಒಂದು ಬೆಂಕಿ ಸಾಕು ಅಂತ ನನ್ನ ಅಭಿಪ್ರಾಯ.

ಬಿಲ್ಲಿನ ವಿಷಯ: ಪಾನೀಯ, ತೆರಿಗೆ, ಟಿಪ್ಪು ಸೇರಿದರೆ ಒಬ್ಬರಿಗೆ ನೂರು ಡಾಲರ್ ಹತ್ತಿರ ಹೋಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಟಿಪ್ಪು ನೂರಕ್ಕೆ ಇಪ್ಪತ್ತು. ದೊಡ್ಡ ಗುಂಪಾದರೆ ಅವರೇ ಸೇರಿಸಿರುತ್ತಾರೆ, ನೋಡಿಕೊಳ್ಳದೆ ಎರಡು ಸಲ ಕೊಟ್ಟವರಲ್ಲಿ ನಾನೂ ಒಬ್ಬ. ಜಾಜ್‌ನವರು ಟೇಬಲ್ಲಿಗೆ ಬಂದು ನಿಮಗೆ ಬೇಕಾದ ಹಾಡು ನುಡಿಸಿದರೆ ಅವರಿಗೆ ಬೇರೆ ಕೊಡಬೇಕು, ಐದು ಹತ್ತು ಡಾಲರಿನ ನೋಟು ಜೇಬಲ್ಲಿರಲಿ.

ಆ ಊರಲ್ಲಿ ‘ಲಾನ್ಯಾಪ್’ ಅಂತ ಒಂದು ಪದ ಇದೆ. ಅಂಗಡಿಯವನು ತೂಕ ಮಾಡಿದ ಮೇಲೆ ಕೈಯಾರೆ ಹಾಕುವ ಒಂದಿಷ್ಟು ಜಾಸ್ತಿ. ಇಂಗ್ಲಿಷಿನವರು ಅದನ್ನು ವಿವರಿಸಲು ಒದ್ದಾಡುತ್ತಾರೆ, ನಮಗೆ ಒಂದೇ ಪದ ಸಾಕು, ಕೊಸರು. ಕೊನೇ ಸಲ ಬಿಲ್ ಕೊಟ್ಟು ಏಳುವಾಗ ಸಪ್ಲೈಯರ್ ಕಾಗದದಲ್ಲಿ ಸುತ್ತಿದ ಎರಡು ಪ್ರಾಲೀನ್ ಅತ್ತೆಯ ಕೈಗಿಟ್ಟ. ಸಕ್ಕರೆ ಪಾಕಕ್ಕೆ ಪೆಕಾನ್ ಹಾಕಿದ ಬಿಲ್ಲೆ, ಬಾಯಲ್ಲಿಟ್ಟರೆ ಕೊಬ್ಬರಿ ಮಿಠಾಯಿಯ ಹಾಗೆ ಪುಡಿಯಾಗುತ್ತದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆ ತಿರುಗಿ, ‘ಇದರಲ್ಲಿ ಚಿಕನ್ ಸ್ಟಾಕ್ ಇಲ್ಲ ತಾನೆ?’ ಅಂದರು.